ನನಗೆ ನೆನಪಿಲ್ಲದ ಸವಾರಿ

ಅಕ್ಕರೆಯ ಟೀಚರಮ್ಮನವರಿಗೆ,

‘ನಾನು ಕ್ಷೇಮ’ ಎನ್ನುವುದು ಎಲ್ಲರ ಪತ್ರದಲ್ಲೂ ವಾಡಿಕೆಯ ಮಾತು. ನನ್ನ ಪತ್ರದಲ್ಲಿ ಮಾತ್ರ ಅದು ಸುದ್ದಿ. ನಾನು ಕ್ಷೇಮವಾಗಿದ್ದೇನೆ. ಮಲಗಿದರೆ ನಿದ್ದೆ ಬರುತ್ತದೆ, ಎದ್ದರೆ ಹಸಿವಾಗುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದಿಲ್ಲ. ಎಂದಿನ ಹಾಗೆ ಅಂಗಡಿಯಲ್ಲಿ ಕೂತು, ಜನರ ಮೂಗಿನ ಮೇಲೆ ಕನ್ನಡಕ ಏರಿಸಿ, ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸುತ್ತಿದ್ದೇನೆ.

ಮೊನ್ನೆ ಗುರುವಾರ ಈಜುಕೊಳದ ತಂತಿಬೇಲಿಯ ಆಚೆ ನೀವು, ಈಚೆ ನಾನು ನಿಂತಿದ್ದೆವಲ್ಲ, ಆಗ ಹೇಳಬೇಕಾದ ಮಾತು ಬಾಯಿಗೆ ಬರಲಿಲ್ಲ. ನಿಮ್ಮ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹಿಂದೆ ಕೊಳದಲ್ಲಿ ಮಕ್ಕಳು ಗಲಾಟೆ ಮಾಡುತ್ತಿದ್ದರು. ‘ಪಕ್ಕೆಲುಬು ಇನ್ನೂ ನೋಯುತ್ತಾ ಸರ್?’ ಎಂದಿರಿ. ‘ಸೀನಿದಾಗ ಮಾತ್ರ’ ಎಂದೆ. ನೀವು ನಕ್ಕಿರಿ. ನಗುತ್ತಿದ್ದ ಹಾಗೆಯೇ ಮುಖ ಆ ಕಡೆ ತಿರುಗಿಸಿಕೊಂಡಿರಿ. ಭಾನುವಾರ ಬರ್ತೀರಾ ಎಂದು ಕೇಳಿದ್ದಕ್ಕೆ ‘ನೋಡ್ತೀನಿ ಸರ್’ ಎಂದಿರಿ. ಕನ್ನಡಕದ ಅಂಗಡಿಯವನಿಗೆ ‘ನೋಡ್ತೀನಿ’ ಎಂಬ ಮಾತಿನ ಅರ್ಥ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗೆ ಹೇಳಿ ಮೆಟ್ಟಿಲಿಳಿದ ಗಿರಾಕಿ ತಿರುಗಿ ಬರುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಭಾನುವಾರಗಳನ್ನು ನಾನು ನಿಮಗೆ ವರ್ಣಿಸಬೇಕಾಗಿಲ್ಲ. ಆದರೂ ವರ್ಣಿಸುತ್ತೇನೆ, ಅದು ನನ್ನ ಖುಷಿಗೆ. ಬೆಳಕು ಹರಿಯುವಾಗ ಹೊರಟು, ಬಿಸಿಲು ಚುರುಗುಟ್ಟುವ ಮೊದಲು ಬೇಕರಿಯಣ್ಣನ ಅಂಗಡಿಗೆ ವಾಪಸು. ಸೈಕಲ್ಲುಗಳನ್ನು ಗೋಡೆಗೆ ಒರಗಿಸಿ, ಬೆಂಚಿನ ಮೇಲೆ ಸಾಲಾಗಿ ಕೂತು, ಬಿಸಿ ಬನ್ನನ್ನು ಚಹಾದಲ್ಲಿ ಅದ್ದುತ್ತಾ ಆಗಷ್ಟೇ ಮುಗಿಸಿದ ಸವಾರಿಯ ಸುದ್ದಿ ಹೇಳುವುದು. ಐದೂ ಜನ ಒಂದೇ ದಾರಿಯಲ್ಲಿ ಹೋಗಿ ಬಂದವರು. ಆದರೂ ಒಬ್ಬರ ಸವಾರಿ ಇನ್ನೊಬ್ಬರದರಂತೆ ಇರುತ್ತಿರಲಿಲ್ಲ. ನಮ್ಮ ಆಡಿಟರ್‌ಗೆ ಹೋಗುವಾಗಲೂ ಎದುರುಗಾಳಿ, ಬರುವಾಗಲೂ ಎದುರುಗಾಳಿ. ಊರವರ ಲೆಕ್ಕದಲ್ಲಿ ಒಂದು ಸೊನ್ನೆ ಆಚೀಚೆಯಾದರೆ ಸಹಿ ಹಾಕದ ಮನುಷ್ಯ, ತನ್ನ ಸವಾರಿಯ ಮಾತು ಬಂದರೆ ದಿಬ್ಬವನ್ನು ಬೆಟ್ಟ ಮಾಡಿಬಿಡುತ್ತಿದ್ದ. ನಿವೃತ್ತ ಪೋಸ್ಟ್‌ಮಾಸ್ತರರದು ತಂತಿಯ ಭಾಷೆ: ‘ಹೋದೆವು. ಬಂದೆವು. ಕ್ಷೇಮ.’ ಬೇಕರಿಯಣ್ಣ ದಾರಿಯನ್ನು ನೋಡುತ್ತಿದ್ದುದು ಮೂಗಿನಿಂದ; ಯಾವ ಮನೆಯಲ್ಲಿ ಏನು ಹುರಿಯುತ್ತಿದ್ದರು, ಯಾರ ಒಲೆಯ ಮೇಲೆ ಹಾಲು ಸೀದಿತ್ತು ಎಂದು ಹೇಳುತ್ತಿದ್ದ. ನೀವೊಬ್ಬರೇ ನಿಮ್ಮ ವಿಷಯ ಬಿಟ್ಟು ಬೇರೆಯವರ ಉಸಿರಿನ ವಿಷಯ ಹೇಳುತ್ತಿದ್ದವರು. ‘ಸರ್, ಇವತ್ತು ಏರು ಹತ್ತುವಾಗ ಬಾಯಲ್ಲಿ ಉಸಿರಾಡ್ತಿದ್ರಿ’ ಎಂದು ಎಷ್ಟು ಸಲ ನನ್ನನ್ನು ಎಚ್ಚರಿಸಿದ್ದೀರಿ. ಈಜು ಕಲಿಸುವವರ ಕಿವಿ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ನನ್ನ ಹೆಂಡತಿ ಮಾತ್ರ ಈ ಬೆಂಚಿನ ಸಭೆಗೆ ಯಾವತ್ತೂ ಮರ್ಯಾದೆ ಕೊಟ್ಟವಳಲ್ಲ. ‘ತುಳಿಯೋದು ಒಂದು ಪಾಲು, ಹೇಳೋದು ಮೂರು ಪಾಲು’ ಎನ್ನುತ್ತಿದ್ದಳು.

ಅಂಥ ನಮ್ಮಲ್ಲಿ, ನಾನು ಬಿದ್ದ ಆ ಭಾನುವಾರದ ಮಟ್ಟಿಗೆ ಬಾಯಿಲ್ಲದವನು ನಾನೊಬ್ಬನೇ. ಸೇತುವೆ ದಾಟಿದ್ದು ನೆನಪಿದೆ. ಕೆಳಗೆ ನೀರು ಇಳಿದು, ನಡುವೆ ಬಂಡೆಗಳ ಬೆನ್ನು ಕಾಣುತ್ತಿತ್ತು. ಮುಂದೆ ಆಡಿಟರ್ ಗಾಳಿಯನ್ನು ಬೈಯುತ್ತಿದ್ದ. ಅಷ್ಟೇ. ಆಮೇಲೆ ಕಂಡದ್ದು ಆಸ್ಪತ್ರೆಯ ಬಿಳಿ ಸೂರು, ಅದರ ಕೆಳಗೆ ತಲೆ ಬಾಚದ ನನ್ನ ಹೆಂಡತಿಯ ಮುಖ. ನಡುವಿನದನ್ನು ಯಾರೋ ಕತ್ತರಿ ಹಾಕಿ ತೆಗೆದ ಹಾಗೆ. ನೀರಿನ ಟ್ಯಾಂಕಿನ ಏರಿನಲ್ಲಿ ಸತ್ತು ಬದುಕಿದವನು ನಾನು; ಆ ಕಥೆ ನನಗೇ ಬೇರೆಯವರ ಬಾಯಿಂದ ಗೊತ್ತಾಗಬೇಕಾಯಿತು.

ಪೋಸ್ಟ್‌ಮಾಸ್ತರರು ವಾರ್ಡಿಗೆ ಬಂದು, ನನ್ನ ಕಾಲಿನ ಮೇಲೆ ಕೈಯಿಟ್ಟು, ‘ಬಿದ್ದಿರಿ. ಎದ್ದಿರಿ. ಸಂತೋಷ’ ಎಂದು ಹೇಳಿ ಹೊರಟುಹೋದರು. ಬೇಕರಿಯಣ್ಣ ಬನ್ನಿನ ಪೊಟ್ಟಣ ಹಿಡಿದು ಬಂದ, ಮಾತಾಡಲು ಹೋಗಿ ಅತ್ತುಬಿಟ್ಟ. ಉಳಿದದ್ದನ್ನೆಲ್ಲ ಹೇಳಿದವನು ಆಡಿಟರ್. ತಿರುವಿಗೆ ಸ್ವಲ್ಪ ಮೊದಲು ನನ್ನ ಗಾಲಿ ಓಲಾಡಿತಂತೆ. ಚೈನು ಕಳಚಿತೆಂದು ಎಲ್ಲರೂ ಅಂದುಕೊಂಡರಂತೆ. ನಾನು ಚರಂಡಿಯ ಕಡೆ ಮೆಲ್ಲಗೆ ವಾಲಿ ಬಿದ್ದೆನಂತೆ. ಹಿಂದಿದ್ದ ನೀವು ಸೈಕಲ್ಲನ್ನು ಹಾಗೇ ಎಸೆದು ಓಡಿಬಂದು, ಉಸಿರಿದೆಯೇ ಎಂದು ಮೂಗಿಗೆ ಕೆನ್ನೆ ಹಿಡಿದು ನೋಡಿ, ಜಲ್ಲಿಯ ಮೇಲೆ ಮಂಡಿಯೂರಿ ಎದೆ ಒತ್ತತೊಡಗಿದಿರಂತೆ. ಪೋಸ್ಟ್‌ಮಾಸ್ತರರು ಫೋನ್ ಮಾಡಿದರು, ಬೇಕರಿಯಣ್ಣ ನನ್ನ ತಲೆ ಹಿಡಿದುಕೊಂಡ, ಆಂಬುಲೆನ್ಸ್ ಬಂದು ಎದೆಗೆ ವಿದ್ಯುತ್ ಕೊಡುವವರೆಗೂ ನೀವು ಒತ್ತುತ್ತಲೇ ಇದ್ದಿರಿ. ‘ಒಂದು ಕ್ಷಣ, ಒಂದೇ ಒಂದು ಕ್ಷಣ ನಿಲ್ಲಿಸಲಿಲ್ಲ ಸಾರ್’ ಎಂದು ಆಡಿಟರ್ ಹಾಸಿಗೆಯ ಅಂಚನ್ನು ಎರಡೂ ಕೈಯಲ್ಲಿ ಒತ್ತಿ ತೋರಿಸಿದ. ಡಾಕ್ಟರು ಕೂಡ ಹೇಳಿದರು: ‘ಹೃದಯ ನಿಂತಿತ್ತು. ರಸ್ತೆಯಲ್ಲಿ ಯಾರೋ ಒತ್ತಿದ್ರಲ್ಲ, ಅದಕ್ಕೇ ನೀವು ಇದ್ದೀರಿ. ನಾವು ಮಾಡಿದ್ದು ಆಮೇಲಿನ ಕೆಲಸ.’

ನೀವು ಒಂದು ಸಲ ಮಾತ್ರ ಆಸ್ಪತ್ರೆಗೆ ಬಂದಿರಂತೆ. ಬಾಗಿಲವರೆಗೆ ಬಂದು, ಹೆಂಡತಿಯ ಹತ್ತಿರ ಮಾತಾಡಿ, ನಾನು ನಿದ್ದೆಯಲ್ಲಿದ್ದೇನೆಂದು ಹೋದಿರಂತೆ. ಆಮೇಲೆ ಫೋನ್ ಮಾಡಿದರೆ ಎತ್ತಲಿಲ್ಲ. ಮನೆಗೆ ಬಂದ ಮೇಲೆ ನಾನು ಭಾನುವಾರಗಳಲ್ಲಿ ನಡೆದುಕೊಂಡೇ ಬೇಕರಿಗೆ ಹೋಗಿ, ಬೆವರು ಸುರಿಸದೆ ಬನ್ನು ತಿನ್ನುವ ಗಿರಾಕಿಯಾಗಿ ಕೂರತೊಡಗಿದೆ. ಎರಡು ವಾರ ನೀವು ಇದ್ದಿರಿ, ಬೆಂಚಿನ ತುದಿಯಲ್ಲಿ. ಹೊಸದಾಗಿ ಸೇರಿದವರು ಯಾರಾದರೂ ಇದ್ದರೆ ಆಡಿಟರ್ ನನ್ನ ಕಥೆ ಶುರು ಮಾಡುತ್ತಿದ್ದ. ಮೇಜನ್ನು ಒತ್ತುತ್ತಿದ್ದ, ಲೋಟಗಳು ಕುಣಿಯುತ್ತಿದ್ದವು. ‘ಸಿಂಹಿಣಿ ಸಾರ್ ಇವರು, ಒಂದು ಕ್ಷಣ ನಿಲ್ಲಿಸಲಿಲ್ಲ’ ಎನ್ನುತ್ತಿದ್ದ. ಎರಡನೆಯ ವಾರ ಆ ಮಾತು ಮುಗಿಯುವ ಮೊದಲೇ ನೀವು ಎದ್ದು, ಲೋಟವನ್ನು ತೊಳೆಯುವ ತೊಟ್ಟಿಯಲ್ಲಿಟ್ಟು, ಸೈಕಲ್ ತೆಗೆದುಕೊಂಡು ಹೋದಿರಿ. ಹೊಗಳಿಕೆಗೆ ನಾಚಿದಿರೆಂದು ನಾವು ಅಂದುಕೊಂಡೆವು. ಅದಾದ ಮೇಲೆ ನೀವು ಬರಲೇ ಇಲ್ಲ. ತಿಂಗಳುಗಳು ಕಳೆದ ಮೇಲೆ ನನಗೆ ಸ್ವಲ್ಪ ಬೇಜಾರೂ ಆಯಿತು ಎಂದು ಹೇಳಿದರೆ ತಪ್ಪಿಲ್ಲ.

ಗುರುವಾರ ನನ್ನ ಅಂಗಡಿಗೆ ರಜೆ. ಸಮತಟ್ಟು ದಾರಿಯಲ್ಲಿ ಸೈಕಲ್ ತುಳಿಯಬಹುದು ಎಂದು ಡಾಕ್ಟರು ಕೊನೆಗೂ ಅಪ್ಪಣೆ ಕೊಟ್ಟಿದ್ದರು. ಹೆಂಡತಿ, ‘ಒಬ್ಬರನ್ನೇ ಬಿಡೋ ಮಾತೇ ಇಲ್ಲ’ ಎಂದು ತನ್ನ ಹಳೆಯ ಬುಟ್ಟಿ ಸೈಕಲ್ಲಿನ ಧೂಳು ಒರೆಸಿ ಜೊತೆಗೆ ಹೊರಟಳು. ಕಾಲುವೆಯ ಪಕ್ಕದ ದಾರಿ. ನಾನು ನನ್ನ ಎದೆಯನ್ನೇ ಕೇಳಿಸಿಕೊಳ್ಳುತ್ತಾ ತುಳಿಯುತ್ತಿದ್ದೆ. ಅವಳು ನನ್ನನ್ನು ದಾಟಿ ಮುಂದೆ ಹೋಗಿ, ತಿರುಗಿ ನೋಡಿ, ‘ಇಷ್ಟೇನಾ ನಿಮ್ಮ ಪ್ರತಾಪ?’ ಎಂದಳು. ಇಷ್ಟು ವರ್ಷ ಎದುರುಗಾಳಿಯ ಕಥೆ ಕೇಳಿದ ಸೇಡನ್ನು ಒಂದೇ ದಿನ ತೀರಿಸಿಕೊಂಡಳು. ನೀರು ನಿಧಾನವಾಗಿ ಹರಿಯುತ್ತಿತ್ತು, ಆಚೆ ದಡದಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು. ವಾಪಸು ಬರುವಾಗ ಈಜುಕೊಳದ ರಸ್ತೆ ಹಿಡಿದದ್ದು ಅವಳೇ. ಅದು ಸುತ್ತುದಾರಿ ಎಂದೆ. ಗೊತ್ತು ಎಂದಳು.

ನಿಮ್ಮನ್ನು ಬಿಟ್ಟು ಮುಂದೆ ಬಂದ ಮೇಲೆ ಅವಳು ಸೈಕಲ್ ಇಳಿದು ತಳ್ಳಿಕೊಂಡು ನಡೆಯತೊಡಗಿದಳು. ‘ಒಂದು ಮಾತು ಹೇಳ್ತೀನಿ, ಮಧ್ಯೆ ಬಾಯಿ ಹಾಕಬೇಡಿ’ ಎಂದಳು. ಆಸ್ಪತ್ರೆಯ ಬಾಗಿಲಲ್ಲಿ ನೀವು ಅವಳಿಗೆ ಹೇಳಿದ್ದನ್ನು ಹೇಳಿದಳು. ‘ಅಕ್ಕಾ, ನಾನು ಮಧ್ಯದಲ್ಲಿ ನಿಲ್ಲಿಸಿಬಿಟ್ಟೆ. ಹೋದರು ಅಂತ ಕೈ ತೆಗೆದುಬಿಟ್ಟೆ. ನಾನು ನಿಲ್ಲಿಸಲೇ ಇಲ್ಲ ಅಂತ ಎಲ್ಲರೂ ಹೇಳ್ತಾರೆ. ನನಗೆ ಗೊತ್ತು.’ ಇದನ್ನು ಯಾಕೆ ಇಷ್ಟು ದಿನ ಹೇಳಲಿಲ್ಲ ಎಂದು ಕೇಳಿದೆ. ‘ಅವರು ನನಗೆ ಹೇಳಿದ್ದು, ನಿಮಗಲ್ಲ. ಆದರೆ ಇವತ್ತು ಅವರ ಮುಖ ನೋಡಿದೆ. ಇನ್ನು ಮುಚ್ಚಿಡೋದು ಪಾಪ’ ಎಂದಳು. ಅವಳ ಮೇಲೆ ಬೇಸರ ಮಾಡಿಕೊಳ್ಳಬೇಡಿ.

ಸಂಜೆ ಬೇಕರಿಯಣ್ಣನ ಹತ್ತಿರ ಹೋದೆ. ಅವನು ಹಿಟ್ಟಿನ ಕೈಯಲ್ಲೇ ಒಳಗೆ ಕರೆದು, ಒಲೆಯ ಪಕ್ಕದ ಮೂಟೆಯ ಮೇಲೆ ಕೂರಿಸಿದ. ನನ್ನ ತಲೆ ಹಿಡಿದು ಕೂತಿದ್ದವನು ಅವನೇ ಅಲ್ಲವೇ? ಅವನು ಹೇಳಿದ ಹಾಗೇ ಬರೆಯುತ್ತೇನೆ. ‘ಹೌದು ಸರ್. ಎದೆಯೊಳಗೇನೋ ಲಟ್ ಅಂತು, ಪಕ್ಕೆಲುಬಿರಬೇಕು. ಅವರಿಗೆ ಭಯ ಆಯ್ತು. ಕೈ ತೆಗೆದು ಹಿಂದಕ್ಕೆ ಕೂತ್ಬಿಟ್ರು. ನಿಮ್ಮ ಮುಖ ನೋಡಿದ್ರು. ‘ಹೋದ್ರು’ ಅಂದ್ರು. ನಾನೂ ಹೋದ್ರು ಅಂತಲೇ ಅಂದ್ಕೊಂಡೆ. ನಿಮ್ಮ ಕಣ್ಣು ಮುಚ್ಚೋಣ ಅಂತ ಕೈ ಕೂಡ ತಂದಿದ್ದೆ.’ ಆಮೇಲೆ ನಿಮಗೆ ಮತ್ತೆ ಒತ್ತಲು ಹೇಳಿದ್ದು ಯಾರು ಎಂದು ಕೇಳಿದೆ. ಅವನು ಕೈಯ ಹಿಟ್ಟು ಉಜ್ಜಿಕೊಂಡ. ‘ಯಾರೂ ಹೇಳಲಿಲ್ಲ ಸರ್. ಹೇಳೋಕೆ ನಮಗೆ ಯಾರಿಗೆ ಗೊತ್ತಿತ್ತು? ಒಂದು ಉಸಿರು ಎಳೆದು ಬಿಡೋಷ್ಟು ಹೊತ್ತು. ಆಮೇಲೆ ಅವರೇ ಮುಂದಕ್ಕೆ ಬಗ್ಗಿದ್ರು. ಅಳ್ತಾ ಅಳ್ತಾ ಒತ್ತಿದ್ರು.’

ಟೀಚರಮ್ಮ, ಇಷ್ಟು ತಿಂಗಳು ನಾನು ಕೇಳಿಸಿಕೊಂಡದ್ದು ಭಯವೇ ಇಲ್ಲದ ಯಾರೋ ಒಬ್ಬರ ಕಥೆ. ಅವರಿಗೆ ಕೈ ಮುಗಿಯಬಹುದಿತ್ತು, ಅಷ್ಟೇ. ನನ್ನನ್ನು ಬದುಕಿಸಿದವರು ಅವರಲ್ಲ ಎಂದು ಆಗ ತಿಳಿಯಿತು. ಹೆದರಿದವರು, ಎಲ್ಲ ಮುಗಿಯಿತೆಂದು ನಂಬಿದವರು, ಕೈ ಸೋತವರು, ನೆರೆದವರಲ್ಲಿ ಒಬ್ಬರೂ ‘ಮತ್ತೆ ಮಾಡಿ’ ಎನ್ನದಿದ್ದರೂ ಮತ್ತೆ ಬಗ್ಗಿದವರು ನನ್ನನ್ನು ಬದುಕಿಸಿದ್ದಾರೆ. ನೀವು ನಿಲ್ಲಿಸಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದೀರಿ. ನಾನು ಉಳಿದಿರುವುದು ನೀವು ಮತ್ತೆ ಶುರುಮಾಡಿದ್ದರಿಂದ. ಮೊದಲ ಸಲ ಒತ್ತಿದ್ದು ಕಲಿತ ವಿದ್ಯೆ ಇರಬಹುದು. ಎರಡನೆಯ ಸಲದ್ದಕ್ಕೆ ನನ್ನ ಹತ್ತಿರ ಹೆಸರಿಲ್ಲ.

ನಿನ್ನೆ ಭಾನುವಾರ ನಡೆದದ್ದನ್ನೂ ಕೇಳಿ. ಬೆಂಚಿನ ಮೇಲೆ ಹೊಸಬರೊಬ್ಬರಿದ್ದರು, ಬ್ಯಾಂಕಿನಲ್ಲಿ ಕೆಲಸ. ಆಡಿಟರ್ ಲೋಟ ಬದಿಗೆ ಸರಿಸಿ, ಅಂಗೈ ಜೋಡಿಸಿ ಮೇಜಿನ ಮೇಲಿಟ್ಟ. ನಾನು ಅವನ ಕೈಯ ಮೇಲೆ ಕೈಯಿಟ್ಟೆ. ‘ಅದು ನನ್ನ ಸವಾರಿ. ಇನ್ನು ಮೇಲೆ ನಾನೇ ಹೇಳ್ತೀನಿ’ ಎಂದೆ. ಹೊಸಬರ ಕಡೆ ತಿರುಗಿ, ‘ಸೇತುವೆ ದಾಟಿದ್ದು ನೆನಪಿದೆ. ಕಣ್ಣು ಬಿಟ್ಟಾಗ ಆಸ್ಪತ್ರೆ. ಸ್ನೇಹಿತರು ಬದುಕಿಸಿದರು’ ಎಂದು ಮುಗಿಸಿದೆ. ಪೋಸ್ಟ್‌ಮಾಸ್ತರರು ಮೆಚ್ಚಿ ತಲೆಯಾಡಿಸಿದರು. ಅವರ ಶಾಲೆಗೆ ಹೊಸ ವಿದ್ಯಾರ್ಥಿ ಸಿಕ್ಕಿದ ಹಾಗಾಯಿತು.

ಆಡಿಟರ್‌ನ ಮುಖ ಸಣ್ಣದಾಯಿತು. ಎಲ್ಲರೂ ಹೊರಟ ಮೇಲೆ ನನ್ನ ಪಕ್ಕ ಬಂದು ಕೂತ. ‘ನಾನು ಅವರನ್ನ ಹೊಗಳ್ತಾನೇ ಇದ್ದೆ, ಅಲ್ವಾ ಸಾರ್?’ ಎಂದ. ಹೌದು ಎಂದೆ. ಬೂಟಿನ ದಾರ ಬಿಚ್ಚಿ ಕಟ್ಟಿದ. ಆಮೇಲೆ, ‘ನಾನು ನೋಡಲೇ ಇಲ್ಲ ಸಾರ್’ ಎಂದ. ಗಾಡಿಗಳನ್ನು ನಿಲ್ಲಿಸುತ್ತೇನೆಂದು ರಸ್ತೆಯ ನಡುವೆ ನಿಂತವನು, ಆಂಬುಲೆನ್ಸ್ ಬರುವವರೆಗೂ ನಿಮ್ಮ ಕಡೆ ಬೆನ್ನು ಮಾಡಿಯೇ ನಿಂತಿದ್ದನಂತೆ. ತಿರುಗಿದರೆ ಏನು ಕಾಣಬೇಕಾಗುತ್ತದೋ ಎಂಬ ಹೆದರಿಕೆ. ‘ನೋಡದೇ ಇದ್ದದ್ದಕ್ಕೇ ಅಷ್ಟು ಸಲ ಹೇಳಿದೆ ಅನ್ಸುತ್ತೆ’ ಎಂದ. ಮೇಜು ಕುಟ್ಟಿ ಕಥೆ ಹೇಳುತ್ತಿದ್ದ ಆ ಮನುಷ್ಯನೂ ಆ ಏರಿನಿಂದ ಇನ್ನೂ ಇಳಿದಿರಲಿಲ್ಲ. ನೀವು ಹೆಂಡತಿಗೆ ಹೇಳಿದ್ದನ್ನು ನಾನು ಅವನಿಗೆ ಹೇಳಲಿಲ್ಲ. ಅದು ನನ್ನ ಹತ್ತಿರವೇ ಇರುತ್ತದೆ. ಬೇಕರಿಯಣ್ಣನಂತೂ ಬಾಯಿ ಬಿಡುವವನಲ್ಲ.

ಬರುವ ಭಾನುವಾರ ನಾವೆಲ್ಲ ಕಾಲುವೆ ದಾರಿಗೆ ಹೋಗುತ್ತಿದ್ದೇವೆ. ಏರಿಲ್ಲ, ತಿರುವಿಲ್ಲ, ಆಡಿಟರ್ ಕೂಡ ಗಾಳಿ ಹುಡುಕಿಕೊಳ್ಳಲಾರದಂಥ ದಾರಿ. ನನ್ನ ಹೆಂಡತಿಯೂ ಬರುತ್ತಾಳೆ. ಎಲ್ಲರನ್ನೂ ಹಿಂದೆ ಹಾಕುತ್ತೇನೆಂದು ಈಗಲೇ ಹೇಳಿಕೊಂಡು ತಿರುಗುತ್ತಿದ್ದಾಳೆ. ನೀವು ಬಂದರೆ ಯಾರೂ ನಿಮ್ಮನ್ನು ಏನೂ ಕೇಳುವುದಿಲ್ಲ, ಹೊಗಳುವುದೂ ಇಲ್ಲ. ಬರಲು ಮನಸ್ಸಾಗದಿದ್ದರೂ ಚಿಂತೆಯಿಲ್ಲ. ಆದರೆ ಬಂದರೂ ಬಾರದಿದ್ದರೂ ಒಂದು ಕೆಲಸ ಮಾಡಿ. ಅವತ್ತು ನನ್ನ ಎದೆಯ ಮೇಲೆ ಇಟ್ಟ ಕೈಯನ್ನು ನೀವು ಇನ್ನೂ ತೆಗೆದಿಲ್ಲ. ಈಗ ತೆಗೆಯಿರಿ ಟೀಚರಮ್ಮ. ಎದೆ ತಾನಾಗಿಯೇ ಹೊಡೆದುಕೊಳ್ಳುತ್ತಿದೆ.

ನೀವು ತುಳಿವ ದಾರಿಯಲ್ಲೆಲ್ಲ ಗಾಳಿ ನಿಮ್ಮ ಬೆನ್ನಿಗಿರಲಿ, ನಿಮ್ಮ ಮನೆ ಮಕ್ಕಳು, ನಿಮ್ಮ ಕೊಳದ ಮಕ್ಕಳು ಎಲ್ಲರೂ ತಣ್ಣಗಿರಲಿ ಎಂದು ಹಾರೈಸುವ,

ನಿಮ್ಮ ಕನ್ನಡಕದ ಅಂಗಡಿಯವ