ನಮ್ಮ ಜಪಸರದಲ್ಲಿ ನಿಮ್ಮ ಪಕ್ಷಕ್ಕೇನು ಕೆಲಸ?

ಅಮೆರಿಕದ ಆನೆ ಗುರುತಿನ ಪಕ್ಷದ ರಾಷ್ಟ್ರೀಯ ಅಧ್ಯಕ್ಷರಿಗೆ

ಎಂದೂ ಕಂಡಿಲ್ಲದ ಮಾನ್ಯರೇ,

ನಿಮ್ಮ ಪಕ್ಷದ ದೆಸೆಯಿಂದ ಈ ವರ್ಷ ಯಸಳೂರಿನ ನನ್ನ ಮನೆಗೆ ಮಾತೆ ಮರಿಯಮ್ಮನವರ ಪ್ರತಿಮೆ ಬರಲಿಲ್ಲ. ನನ್ನ ದೂರು ಇಷ್ಟೇ. ಇದನ್ನು ಓದಿ ನಿಮ್ಮ ಕಚೇರಿಯವರು ನಗಬಹುದು. ನಗಲಿ. ಪತ್ರವನ್ನು ಇಂಗ್ಲಿಷಿನಲ್ಲೇ ಶುರು ಮಾಡಿದ್ದೆ. ಹಾಸನದ ಕಾಲೇಜಿನಲ್ಲಿ ಕಲಿತಿದ್ದನ್ನು ನೆನೆದು ‘ಐ ಬೆಗ್ ಟು ಸ್ಟೇಟ್ ದಟ್’ ಎಂದು ಬರೆದು ನಿಂತೆ. ಮುಂದಿನದು ನೆನಪಾಗಲಿಲ್ಲ. ನಿಮ್ಮಲ್ಲಿ ಬೇಡಿಕೊಳ್ಳುವಂಥದ್ದೂ ಏನೂ ಇರಲಿಲ್ಲ. ಕನ್ನಡಕ್ಕೆ ಬಂದೆ.

ಆನೆ ಎಂದರೇನೆಂದು ಆಲೂರು, ಸಕಲೇಶಪುರದ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಬೇಲಿಯನ್ನು ಕೇಳಿ ಒಳಗೆ ಬರುವುದಿಲ್ಲ. ಆದರೂ ನಮ್ಮ ಆನೆ ಎಲ್ಲಿ ನಿಂತಿದೆ ಎಂದು ಅರಣ್ಯ ಇಲಾಖೆಯವರು ಮೊಬೈಲಿಗೆ ಸಂದೇಶ ಕಳಿಸುತ್ತಾರೆ. ನಿಮ್ಮ ಆನೆ ಮೊಬೈಲಿನೊಳಗಿಂದಲೇ ಬಂತು. ಬಂದದ್ದು ಕಾಫಿ ತೋಟಕ್ಕಲ್ಲ, ದೇವರ ಪೀಠದ ಮುಂದಿನ ಚಾಪೆಗೆ.

ನಮ್ಮ ಕ್ರಮ ನಿಮಗೆ ಗೊತ್ತಿರಲಾರದು, ಹೇಳಿಬಿಡುತ್ತೇನೆ. ನಾವು ಮಂಗಳೂರು ಕಡೆಯಿಂದ ಘಾಟಿ ಹತ್ತಿ ಬಂದ ಕೆಥೋಲಿಕರು. ಅಕ್ಟೋಬರ್ ನಮಗೆ ಜಪಸರದ ತಿಂಗಳು. ಮರಿಯಮ್ಮನವರ ಪ್ರತಿಮೆ ದಿನಕ್ಕೊಂದು ಮನೆಯಲ್ಲಿ ಇರುತ್ತದೆ. ಸಂಜೆ ಎಲ್ಲರೂ ಕೂತು ಮಣಿ ಎಣಿಸಿ ಪ್ರಾರ್ಥಿಸುತ್ತೇವೆ. ಮಾರನೇ ಸಂಜೆ ಆ ಮನೆಯವರೇ ಪ್ರತಿಮೆಯನ್ನು ಹೊತ್ತು, ಹಾಡುತ್ತಾ, ಪಕ್ಕದ ಮನೆಗೆ ಒಪ್ಪಿಸಬೇಕು. ಯಾವ ಮನೆಯನ್ನೂ ದಾಟಿ ಹೋಗುವಂತಿಲ್ಲ. ವರ್ಷವಿಡೀ ಬೇಲಿ ಜಗಳಕ್ಕೆ ಮಾತು ಬಿಟ್ಟವರು ಕೂಡ ಆ ಒಂದು ಸಂಜೆ ಎದುರಾಳಿಯ ಮೆಟ್ಟಿಲು ಹತ್ತಲೇಬೇಕು. ಪಾದ್ರಿಗಳ ಎಷ್ಟೋ ಪ್ರಸಂಗಗಳಿಂದ ಆಗದ್ದು ಈ ಹೊತ್ತುಕೊಂಡು ಹೋಗುವುದರಿಂದ ಆಗಿದೆ.

ನಮ್ಮ ಮನೆಯ ಸರದಿಯ ದಿನ ಹೂವು ಪಕ್ಕದ ತೋಟದ ನಾಗರತ್ನಮ್ಮನದು. ಅವರು ಶೈವರು, ಹಣೆಗೆ ವಿಭೂತಿ ಹಚ್ಚುವವರು. ನನ್ನ ಹೆಂಡತಿ ಪೆಟ್ರೀಷಿಯಾ ಶಿವರಾತ್ರಿಗೆ ಅವರ ಮನೆಗೆ ಬಾಳೆಗೊನೆ ಕಳಿಸುತ್ತಿದ್ದಳು, ಅಕ್ಟೋಬರಿನಲ್ಲಿ ಅವರು ಸೇವಂತಿಗೆ ತರುತ್ತಿದ್ದರು. ಬಾಗಿಲ ಬಳಿ ಕೂತು ಪ್ರಾರ್ಥನೆ ಮುಗಿಯುವತನಕ ಕೈಮುಗಿದಿರುತ್ತಿದ್ದರು. ಪೆಟ್ರೀಷಿಯಾ ಹಾಸಿಗೆ ಹಿಡಿದ ಮೇಲೆ ಒಂದು ದಿನ ಅವರ ಕೈ ಹಿಡಿದು, “ನಾನಿಲ್ಲ ಅಂತ ನೀನು ಹೂವು ತರೋದು ನಿಲ್ಲಿಸ್ಬೇಡ ಕಣೇ ರತ್ನ” ಎಂದಳು. ಅವಳು ಹೋಗಿ ಮೂರು ವರ್ಷವಾಯಿತು. ನಾಗರತ್ನಮ್ಮ ನಿಲ್ಲಿಸಿಲ್ಲ. ನನಗೆ ಹೆಂಡತಿಯ ಕಡೆಯಿಂದ ಉಳಿದಿರುವ ಹಬ್ಬ ಅದೊಂದೇ.

ಇದರಲ್ಲಿ ನಿಮ್ಮ ಪಕ್ಷ ಎಲ್ಲಿಂದ ಬಂತು ಎನ್ನುವಿರಾ? ಪೆಟ್ರೀಷಿಯಾಳ ತಮ್ಮ ಸಿಪ್ರಿಯನ್ ಇಲ್ಲೇ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ನಿವೃತ್ತನಾದವನು. ನಮ್ಮ ಚರ್ಚಿನ ಈ ವಾರ್ಡಿನ ಗುರಿಕಾರ, ಅಂದರೆ ಪ್ರತಿಮೆಯ ಮೆರವಣಿಗೆ ನಡೆಸುವ ಯಜಮಾನ. ಅವನಿಗೆ ಮೊಬೈಲಿನಲ್ಲಿ ನಿಮ್ಮ ದೇಶದ ಒಬ್ಬ ಪ್ರಸಂಗಿ ಸಿಕ್ಕಿದ್ದಾನೆ. ಆತನ ಪ್ರಕಾರ ನಿಮ್ಮ ಪಕ್ಷ ದೇವರ ಪಕ್ಷ. ಎದುರಿನದು ಸೈತಾನನದು. ನವೆಂಬರಿನ ಚುನಾವಣೆಯಲ್ಲಿ ನೀವು ಗೆಲ್ಲದಿದ್ದರೆ ಲೋಕದಲ್ಲಿ ಕ್ರೈಸ್ತರಿಗೆ ಉಳಿಗಾಲವಿಲ್ಲ. ಅಲ್ಲದೆ, ಅನ್ಯರೊಡನೆ ಕೂತು ಪ್ರಾರ್ಥಿಸುವುದು ಪಾಪ. ಸಿಪ್ರಿಯನ್ ಎರಡನ್ನೂ ನುಂಗಿದ. ಈ ತಿಂಗಳ ಮೊದಲ ದಿನವೇ, ಜಪಸರದ ಕೊನೆಯ ಹತ್ತು ಮಣಿ ಅಮೆರಿಕದಲ್ಲಿ ನಿಮ್ಮ ಗೆಲುವಿಗೆ ಎಂದು ಸಾರಿದ. ಮಳೆಗೆ, ರೋಗಿಗಳಿಗೆ, ಸತ್ತವರಿಗೆ ಎಂದು ಇಟ್ಟಿದ್ದ ಮಣಿಗಳು ಸ್ವಾಮಿ ಅವು.

ನಾನು ದೇವರನ್ನು ನಂಬದವನಲ್ಲ. ಗರ್ಭಪಾತದ ವಿಷಯದಲ್ಲಿ ನಿಮ್ಮ ಪ್ರಸಂಗಿಗೂ ನನಗೂ ಹೆಚ್ಚು ಭೇದವಿಲ್ಲ. ನಂಬಿದವನು ನಂಬಿಕೆಯಂತೆ ಮತ ಹಾಕಲಿ, ಅದು ಅವನ ಹಕ್ಕು. ಎದುರು ಪಕ್ಷದವರೂ ಭಾಷಣದ ಕೊನೆಗೆ ದೇವರ ಆಶೀರ್ವಾದ ಕೇಳದೆ ಇಳಿಯುವುದಿಲ್ಲ ಎಂಬುದೂ ಗೊತ್ತು. ಆದರೆ ದೇವರ ಮಾತು ಕೇಳಿ ಪಕ್ಷ ಆರಿಸುವುದು ಒಂದು. ಪಕ್ಷವನ್ನು ಆರಿಸಿಕೊಂಡು ದೇವರಿಗೆ ಅದರ ಸದಸ್ಯತ್ವ ಮಾಡಿಸುವುದು ಇನ್ನೊಂದು. ನಮ್ಮ ರಾಜ್ಯಶಾಸ್ತ್ರದ ಮೇಷ್ಟ್ರು ಬೋರ್ಡಿನ ನಡುವೆ ಒಂದು ಗೆರೆ ಎಳೆದು, ಆ ಕಡೆ ಚರ್ಚ್, ಈ ಕಡೆ ಸ್ಟೇಟ್, ಅಮೆರಿಕದವರು ಇದನ್ನು ಗೋಡೆ ಅನ್ನುತ್ತಾರೆ ಎಂದಿದ್ದರು. ಸಪರೇಷನ್ ಆಫ್ ಪವರ್ಸ್ ಅದೋ ಬೇರೆಯೋ, ಈಗ ಕಲಸಿಹೋಗಿದೆ. ಗೋಡೆ ಮಾತ್ರ ನೆನಪಿದೆ.

ಇನ್ನೊಂದೂ ನೆನಪಿದೆ. ಅರವತ್ತರ ಇಸವಿಯಲ್ಲಿ ನಿಮ್ಮಲ್ಲಿ ಒಬ್ಬ ಕೆಥೋಲಿಕ ಅಧ್ಯಕ್ಷಗಿರಿಗೆ ನಿಂತಾಗ, ಇವನು ಗೆದ್ದರೆ ರೋಮಿನ ಪೋಪರೇ ಆಳುತ್ತಾರೆ ಎಂದು ಹುಯಿಲೆಬ್ಬಿಸಿದವರಲ್ಲಿ ಪೋಪರನ್ನು ಒಪ್ಪದ ಇಂಥ ಸಂಪ್ರದಾಯಸ್ಥ ಪ್ರೊಟೆಸ್ಟೆಂಟ್ ಪ್ರಸಂಗಿಗಳೇ ಮುಂದಿದ್ದರು. ಆಗ ಅವರಿಗೆ ಗೋಡೆ ಬೇಕಿತ್ತು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಅವರ ಶಿಷ್ಯರು ಅದೇ ಗೋಡೆ ಹಾರಿ ನಿಮ್ಮ ಪಕ್ಷದ ಅಂಗಳಕ್ಕೆ ಇಳಿದರು. ನೀವು ಕಾಫಿ ಕೊಟ್ಟು ಕೂರಿಸಿದಿರಿ. ಈಗ ಮನೆಯ ಯಜಮಾನರು ಯಾರು, ನೀವೋ ಅವರೋ? ನನಗಂತೂ ತಿಳಿಯುತ್ತಿಲ್ಲ. ನಿಮಗೆ ತಿಳಿದಿದೆಯೇ?

ಸಿಪ್ರಿಯನ್ನನ ಸೊಸೆ ಟೀನಾ ಅದೇ ಪ್ರಸಂಗಿಯ ಇನ್ನೊಂದು ವಿಡಿಯೋ ನನಗೆ ತೋರಿಸಿದಳು. ಅದರಲ್ಲಿ ಆತ, ಮರಿಯಳ ಪ್ರತಿಮೆ ಇಡುವವರು ಬೊಂಬೆ ಪೂಜಿಸುವವರು, ಮಣಿ ಎಣಿಸುವವರು ನರಕಕ್ಕೆ ಹೋಗುವವರು ಎನ್ನುತ್ತಾನೆ. ಅಂದರೆ ನಾವು ಯಾರ ಮಾತು ಕೇಳಿ ಮಣಿ ಎಣಿಸುತ್ತಿದ್ದೆವೋ ಆತ ಎಣಿಸಿದ್ದಕ್ಕೇ ನಮ್ಮನ್ನು ನರಕಕ್ಕೆ ಹಾಕಿ ಕೂತಿದ್ದಾನೆ. ಮಾರನೇ ದಿನ ಪ್ರತಿಮೆ ಸಿಪ್ರಿಯನ್ ಮನೆಯಿಂದ ನಮ್ಮ ಮನೆಗೆ ಬರಬೇಕಿತ್ತು. ಓಡಿದೆ ಸಿಪ್ರಿಯನ್ ಹತ್ತಿರ. ನಮ್ಮಲ್ಲಿ ಪ್ರಾರ್ಥನೆ ಕೊಂಕಣಿಯಲ್ಲಿ, ಜಗಳ ಕನ್ನಡದಲ್ಲಿ.

“ನೋಡೋ, ನಿನ್ನ ಪ್ರಸಂಗಿ ನಮ್ಮಮ್ಮನ್ನೇ ಬೊಂಬೆ ಅಂತವ್ನೆ” ಎಂದೆ.

ಸಿಪ್ರಿಯನ್ ಪೂರ್ತಿ ನೋಡಿದ. ಮೊಬೈಲ್ ಮಗುಚಿಟ್ಟ. “ಅದು ಬೇರೆ ವಿಷ್ಯ ಭಾವ. ಈಗ ಎಲೆಕ್ಷನ್ ಟೈಮು. ಅವ್ರು ಗೆಲ್ಲಲಿ ಮೊದ್ಲು, ಆಮೇಲೆ ನೋಡ್ಕಂಡ್ರಾಯ್ತು.”

“ಆಮೇಲೆ ನೋಡೋಕೆ ನೀನು ನರಕದಲ್ಲಿ ಇರ್ತೀಯಲ್ಲೋ, ಅವನ ಲೆಕ್ಕದಲ್ಲಿ.”

“ತಮಾಷೆ ಬೇಡ ಭಾವ. ನಾಳೆ ನಿಮ್ಮನೇಲಿ ಆ ಹತ್ತು ಮಣಿ ಹೇಳ್ಬೇಕು. ನಾಗರತ್ನಮ್ಮನೂ ಬರೋದು ಬೇಡ. ಹೂವು ಬೇಕಾದ್ರೆ ಗೇಟಲ್ಲಿ ಕೊಟ್ಟೋಗ್ಲಿ.”

“ನಿಮ್ಮಕ್ಕ ಕೇಳ್ಕಂಡಿದ್ದು ಕಣೋ ಅದು.”

“ಅಕ್ಕನ್ಗೆ ಇದೆಲ್ಲ ಗೊತ್ತಿರ್ಲಿಲ್ಲ” ಎಂದ.

ಆಗುವುದಿಲ್ಲ ಎಂದು ಬಂದೆ. ಮಾರನೇ ಸಂಜೆ ಚಾಪೆ ಹಾಸಿ, ಮೇಣದ ಬತ್ತಿ ಹಚ್ಚಿ ಕಾದೆ. ನಾಗರತ್ನಮ್ಮ ತಟ್ಟೆ ತುಂಬ ಹಳದಿ ಸೇವಂತಿಗೆ ಹಿಡಿದು ಗೇಟಿನ ಬಳಿ ನಿಂತಿದ್ದರು. ಹಾಡು ಹತ್ತಿರ ಬಂತು. ಸಿಪ್ರಿಯನ್ ಪ್ರತಿಮೆ ಹೊತ್ತು ಮುಂದಿದ್ದ. ನನ್ನ ಗೇಟಿನ ಎದುರು ಯಾರೋ ಇಬ್ಬರು ಹೆಂಗಸರ ದನಿ ತಗ್ಗಿತು. ಅವನ ದನಿ ಏರಿತು. ಹಾಡುತ್ತಲೇ ದಾಟಿಕೊಂಡು ನಮ್ಮ ನಂತರದ ಸರದಿಯ ಜಾಕ್ಸನ್ ಮನೆಗೆ ಹೋದರು. ಪೆಟ್ರೀಷಿಯಾಳ ತಮ್ಮ ಪೆಟ್ರೀಷಿಯಾಳ ಮನೆಯನ್ನು ದಾಟಿ ಹೋದ.

ನಾಗರತ್ನಮ್ಮ ತಟ್ಟೆಯನ್ನು ಕೆಳಗಿಡಲಿಲ್ಲ. “ಯಾಕೆ ಲಿಗೋರಿಯಣ್ಣ, ಅಮ್ಮ ಈ ಸಲ ಒಳಕ್ಕೆ ಬರ್ಲಿಲ್ಲ? ನಾನಿದೀನಿ ಅಂತಾನಾ?”

“ಅಲ್ಲ ಕಣಮ್ಮ, ಅಮೆರಿಕದಲ್ಲಿ ಎಲೆಕ್ಷನ್ ಐತೆ.”

ಅವರು ನನ್ನ ಮುಖ ನೋಡಿದರು. ನನಗೆ ಬುದ್ಧಿ ಸರಿಯಿದೆಯೋ ಇಲ್ಲವೋ ಎಂದು ನೋಡಿದರೆಂದು ತೋರುತ್ತದೆ. ಆಮೇಲೆ ಕೇಳಿದರು: “ಅದ್ಕೂ ಇದ್ಕೂ ಏನಣ್ಣ ಸಂಬಂಧ?”

ಮಾನ್ಯರೇ, ಡಿಗ್ರಿ ಓದಿದವನು ನಾನು. ಆದರೂ ಆ ಪ್ರಶ್ನೆಯನ್ನು ಹೊತ್ತು ಚರ್ಚಿಗೆ ಹೋಗಬೇಕಾಯಿತು. ನಮ್ಮ ಪಾದ್ರಿಗಳನ್ನು ಕೇಳಿದರೆ, “ಶಾಂತಿಯಿಂದ ಇರಿ” ಎಂದರು. ಅದು ಉತ್ತರವಲ್ಲ, ಆಶೀರ್ವಾದ. ಸಿಪ್ರಿಯನ್ ನನ್ನ ಮಾತು ಕೇಳುವುದಿಲ್ಲ, ಅಕ್ಕನ ಮಾತೂ ಅವನಿಗೆ ಹಳತಾಗಿದೆ. ಅಮೆರಿಕದಿಂದ ಬಂದರೆ ಮಾತ್ರ ನಂಬುತ್ತಾನೆ. ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ. ದೇವರು ನಮ್ಮ ಪಕ್ಷದ ಸದಸ್ಯನಲ್ಲ, ನಮಗೆ ಮತ ಹಾಕುವುದು ಪುಣ್ಯವೂ ಅಲ್ಲ, ಹಾಕದಿರುವುದು ಪಾಪವೂ ಅಲ್ಲ ಎಂದು ನಿಮ್ಮ ಬಾಯಿಂದ, ಕ್ಯಾಮೆರಾದ ಮುಂದೆ ಒಂದು ಮಾತು ಹೇಳಿ. ಸಿಪ್ರಿಯನ್ನನಿಗೆ ತೋರಿಸುತ್ತೇನೆ. ಹೇಳಲಾರಿರಿ ಎಂದಾದರೆ ನಾಗರತ್ನಮ್ಮನ ಪ್ರಶ್ನೆಗೆ ಉತ್ತರವನ್ನಾದರೂ ಕಳಿಸಿ. ಅವರ ಎದುರು ಕೂತು ಓದುತ್ತೇನೆ, ಒಂದಕ್ಷರ ಬಿಡದೆ.

ಅಕ್ಟೋಬರ್ ಇನ್ನೂ ಮುಗಿದಿಲ್ಲ. ಪ್ರತಿಮೆ ಚರ್ಚಿಗೆ ಹಿಂದಿರುಗುವಾಗ ನನ್ನ ಗೇಟಿನ ಮುಂದೆಯೇ ಹೋಗಬೇಕು, ಬೇರೆ ದಾರಿಯಿಲ್ಲ. ಚಾಪೆ ಎತ್ತಿಲ್ಲ. ನಾಗರತ್ನಮ್ಮ ಗಿಡದಲ್ಲಿ ಇನ್ನೊಂದು ತಟ್ಟೆಗಾಗುವಷ್ಟು ಹೂವು ಕೀಳದೆ ಬಿಟ್ಟಿದ್ದಾರೆ.

ಇಂತಿ,
ನಿಮ್ಮ ದೇಶದಲ್ಲಿ ಮತವಿಲ್ಲದೆಯೂ ನಿಮ್ಮ ಚುನಾವಣೆಯಲ್ಲಿ ಸೋತವನು,
ಲಿಗೋರಿ, ಯಸಳೂರು