ಜೀಪಿಗೆ ಮೂರು ಇಂಚು

ಫೆಬ್ರವರಿ 3, ಸೋಮವಾರ

ಬೆಳಿಗ್ಗೆ ಮತ್ತೆ ಜೀಪಿನ ಅಳತೆ. ನೆಲದಿಂದ ಮಡ್‌ಗಾರ್ಡಿನ ಅಂಚಿಗೆ ಎಂಬತ್ತೊಂದು ಸೆಂಟಿಮೀಟರ್. ನಿನ್ನೆಯೂ ಅಷ್ಟೇ ಇತ್ತು. ಇಪ್ಪತ್ತು ವರ್ಷ ಸರ್ವೆ ಆಫೀಸಿನಲ್ಲಿ ಟೇಪು ಹಿಡಿದವಳಿಗೆ ಒಂದೇ ಸಲ ಅಳೆದರೆ ಸಮಾಧಾನವಿಲ್ಲ. ಅಷ್ಟರಲ್ಲಿ ಟೀ ಆರಿತು.

ಹೋದ ತಿಂಗಳು ಅಕ್ಕನನ್ನು ಕರೆತರಲು ಹೊರಟಿದ್ದೆ. ಇನ್ನು ಎರಡೇ ಕಿಲೋಮೀಟರ್ ಇತ್ತು, ಜೀಪಿನ ಹೊಟ್ಟೆಗೆ ಕಲ್ಲು ಬಡಿಯಿತು. ಆಯಿಲ್ ಚೇಂಬರ್ ಒಡೆದು ಎಣ್ಣೆಯೆಲ್ಲ ದಾರಿಯ ಪಾಲು. ಅಕ್ಕ ಚೀಲ ಕಟ್ಟಿಕೊಂಡು ಸಂಜೆಯವರೆಗೂ ಹೊಸ್ತಿಲಲ್ಲಿ ಕೂತಿದ್ದಳಂತೆ. ಆಮೇಲೆ ಬಿಚ್ಚಿದಳಂತೆ.

ಭಾವನಿಗೆ ಅಲ್ಲಿ ಕಲ್ಲು ಕ್ವಾರಿಯ ಲಾರಿಗಳನ್ನು ತೂಗುವ ಕೆಲಸವಿತ್ತು. ಈಗ ಭಾವ ಇಲ್ಲ, ಕ್ವಾರಿ ಇಲ್ಲ, ಅಕ್ಕಪಕ್ಕದವರೂ ಇಲ್ಲ. ಲಾರಿಗಳು ಹಾಳುಮಾಡಿದ ರಸ್ತೆ ಮಾತ್ರ ಹಾಗೇ ಇದೆ.

ಫೋನಿನಲ್ಲಿ ಅಕ್ಕ, "ಈ ರಸ್ತೇಲಿ ಕತ್ತೇನೂ ಬರಲ್ಲ ಕಣೇ. ಬಿಡು."

"ಜೀಪು ಎತ್ತರ ಮಾಡಿಸ್ತೀನಿ."

"ಹ್ಞೂಂ. ಅದು ಬಾಗಿಲಿಗೆ ಬಂದ ದಿನ ಹತ್ತಿ ಕೂರ್ತೀನಿ. ನಿನ್ನ ಜೊತೇನೇ ಇದ್ದುಬಿಡ್ತೀನಿ, ಆಯ್ತಾ?"

ಮಾತು ಕೊಟ್ಟಳೋ, ಸಾಗಹಾಕಿದಳೋ... ಗೊತ್ತಾಗಲಿಲ್ಲ.

ಫೆಬ್ರವರಿ 8, ಶನಿವಾರ, ಸಂಜೆ 5

ಗ್ಯಾರೇಜು. ಮೆಕ್ಯಾನಿಕ್ ಜೀಪಿನಡಿ ಮಲಗಿಕೊಂಡೇ ಮಾತಾಡುತ್ತಾನೆ. ಅವನ ಚಪ್ಪಲಿಗಳ ಜೊತೆ ವ್ಯವಹಾರ ನಡೆಸಿದಂತೆ.

"ಮೂರು ಇಂಚು ಏರಿಸ್ಬಹುದು ಮೇಡಂ. ಅದಕ್ಕಿಂತ ಜಾಸ್ತಿ ಆದ್ರೆ ತಿರುವಲ್ಲಿ ಗಾಡಿ ನಮಸ್ಕಾರ ಹಾಕುತ್ತೆ."

ಪಾಟಾ ಬದಲಿಸಬೇಕು — ಒಂದರ ಮೇಲೊಂದು ಕಟ್ಟಿದ ಉಕ್ಕಿನ ಪಟ್ಟಿಗಳು, ಜೀಪಿನ ಭಾರವೆಲ್ಲ ಅವುಗಳ ಮೇಲೆ. ಉದ್ದನೆಯ ಶಾಕ್ ಅಬ್ಸಾರ್ಬರ್. ಬ್ರೇಕಿನ ಪೈಪೂ ಉದ್ದ ಬೇಕು.

"ಗಾಡೀಲಿ ಎಷ್ಟು ಜನ ಓಡಾಡ್ತೀರಾ?"

"ನಾನೊಬ್ಬಳೇ."

ಹೋಟೆಲಿನಲ್ಲಿ ಟೇಬಲ್ ತೋರಿಸುವವನಿಗೆ ಹೇಳಿ ಹೇಳಿ ನಾಲಿಗೆಗೆ ರೂಢಿ.

"ಹಾಗಾದ್ರೆ ಹತ್ತೋಕೆ ಈ ಫುಟ್‌ಬೋರ್ಡ್ ಯಾಕೆ? ಕಲ್ಲಿಗೆ ಮೊದಲು ತಗಲೋದೇ ಇದು. ನಿಮ್ಮ ಕಾಲು ಉದ್ದ ಇದೆ."

ತೆಗೆದುಬಿಡಿ ಎಂದೆ.

ಫೆಬ್ರವರಿ 13, ಗುರುವಾರ

ಅರ್ಧ ದಿನ ರಜೆ ಹಾಕಿ ನಿಂತು ನೋಡಿದೆ. ಜಾಕಿಯ ಮೇಲೆ ಜೀಪು, ಚಕ್ರಗಳು ಗಾಳಿಯಲ್ಲಿ. ಹೊಸ ಪಾಟಾ ಕೂತಿತು, ಬೋಲ್ಟುಗಳೂ ಹೊಕ್ಕವು. ಆದರೆ ಅವನು ಬಿಗಿ ಮಾಡಲೇ ಇಲ್ಲ. ಮರೆತನೇನೋ ಎಂದು ನೆನಪಿಸಿದೆ.

"ನೇತಾಡ್ತಿರುವಾಗ ಬಿಗಿ ಮಾಡಬಾರ್ದು ಮೇಡಂ. ಪಾಟಾ ತುದೀಲಿರೋ ರಬ್ಬರ್ ಬುಷ್ ತಿರುಚ್ಕೊಂಡು ಹರಿದುಹೋಗುತ್ತೆ. ಚಕ್ರ ನೆಲಕ್ಕೆ ಊರ್ಬೇಕು, ಗಾಡಿ ತನ್ನ ಭಾರ ತಾನು ಹೊತ್ಕೋಬೇಕು. ಆಮೇಲೆ ಸ್ಪ್ಯಾನರ್."

ಇಳಿಸಿದ. ಬಿಗಿ ಮಾಡಿದ. ಅಳೆದೆ: ಎಂಬತ್ತೆಂಟೂವರೆ. ಇನ್ನೊಮ್ಮೆ ಅಳೆದೆ. ಅಷ್ಟೇ.

ಖುಷಿ ಹಂಚಿಕೊಳ್ಳಲು ಆಫೀಸಿನಲ್ಲಿ ಯಾರಿಗೆ ಹೇಳುವುದು? ನಾಳೆ ರಿಜಿಸ್ಟರಿಗೆ ಹೇಳಿಯೇನು.

ಫೆಬ್ರವರಿ 16, ಭಾನುವಾರ, ಸಂಜೆ 7

ಹೋಗಿ ಬಂದೆ. ಒಬ್ಬಳೇ.

ಕ್ರಮವಾಗಿ ಬರೆಯಬೇಕು. ಚೇಂಬರ್ ಒಡೆದ ಆ ಕಲ್ಲಿನ ಹತ್ತಿರ ಇಳಿದು, ಬಗ್ಗಿ ನೋಡಿದೆ. ಜೀಪಿಗೂ ಕಲ್ಲಿಗೂ ನಡುವೆ ನಾಲ್ಕು ಬೆರಳು ಜಾಗ. ದಾಟಿತು. ಆ ದಾರಿಯಲ್ಲಿ ಒಬ್ಬಳೇ ಜೋರಾಗಿ ನಕ್ಕೆ. ಬಾಗಿಲವರೆಗೂ ಹೋದೆ.

"ಏನೇ ಇದು! ಜೀಪ್ ತಾ ಅಂದ್ರೆ ಆನೆ ತಂದಿದ್ದೀಯಾ!"

ಚೀಲ ಹಿಂದೆ ಹಾಕಿದೆ. ಅಕ್ಕ ಜೀಪಿನ ಬಾಗಿಲ ಹಿಡಿ ಹಿಡಿದು ಬಲಗಾಲು ಎತ್ತಿದಳು. ಮೊಣಕಾಲು ಅರ್ಧಕ್ಕೇ ನಿಂತಿತು. ಎಡಗಾಲು — ಅದೂ ಅಷ್ಟೇ. ಫುಟ್‌ಬೋರ್ಡ್ ಇಲ್ಲ. ನೆಲದಿಂದ ಒಳಗಿನ ತಳಕ್ಕೆ ಅರವತ್ತು ಸೆಂಟಿಮೀಟರ್. ಕುರ್ಚಿ ತಂದು ಹಾಕಿದೆ. ಜಲ್ಲಿಯಲ್ಲಿ ಕುರ್ಚಿಯ ಒಂದು ಕಾಲು ಹೂತು, ಅಕ್ಕ ನನ್ನ ಮೇಲೆ ವಾಲಿದಳು. ಹಿಡಿದುಕೊಂಡೆ. ಎಷ್ಟು ಹಗುರವಾಗಿದ್ದಾಳೆ.

"ಸಾಕು ಬಿಡೇ. ಕೈಕಾಲು ಮುರ್ಕೊಂಡ್ರೆ ಆಮೇಲೆ ಮಾಡೋರ್ಯಾರು?"

ಹೊಸ್ತಿಲಲ್ಲಿ ಕೂತಳು. ನಗುತ್ತಲೇ, "ನನ್ನನ್ನ ಕೂರಿಸ್ಕೊಳ್ಳೋ ಯೋಚನೆ ನಿಜವಾಗ್ಲೂ ಇತ್ತೇನೇ ನಿಂಗೆ?"

ಇತ್ತು ಅಂದೆ.

ಇತ್ತೇ? ಅವಳ ಮಂಡಿ ನೋವು ನನಗೆ ಗೊತ್ತಿಲ್ಲದ್ದೇನಲ್ಲ. ಕಲ್ಲು, ಚಕ್ರ, ಪಾಟಾ — ಎಲ್ಲ ಎರಡೆರಡು ಸಲ ಅಳೆದಿದ್ದೇನೆ. ಎಷ್ಟು ಜನ ಎಂದು ಕೇಳಿದಾಗ ಒಬ್ಬಳೇ ಎಂದೆ. ಯೋಚಿಸದೆ ಬಂದ ಉತ್ತರವೇ ನಿಜವಾದ ಉತ್ತರವಾದರೆ...

ಮನೆಗೆ ಬಂದ ಮೇಲೆ ನೋಡಿದೆ. ಚೀಲ ಹಿಂದುಗಡೆಯೇ ಇದೆ.

ಫೆಬ್ರವರಿ 17

ಚೀಲ ನಡುಮನೆಯ ಕುರ್ಚಿಯ ಮೇಲೆ. ಬಿಚ್ಚಿಲ್ಲ. ಫೋನೂ ಮಾಡಿಲ್ಲ.

ಫೆಬ್ರವರಿ 24, ಸೋಮವಾರ, ಬೆಳಿಗ್ಗೆ 6.30

ಅಕ್ಕನೇ ಫೋನ್ ಮಾಡಿದಳು. "ನನ್ನ ಸ್ವೆಟರ್ ಚೀಲದಲ್ಲೇ ಹೋಯ್ತಲ್ಲೇ."

"ತಂದು ಕೊಡ್ಲಾ?"

ಆ ಕಡೆ ಪಾತ್ರೆ ಇಟ್ಟ ಸದ್ದು.

"ಬೇಡ. ಅಲ್ಲೇ ಇರ್ಲಿ."

ಆ ಮೂರು ಪದ ಕೇಳಿದ ಮೇಲೂ ಬಾಯಿಗೆ ಬಂದದ್ದು ಅಳತೆಯೇ. "ಅಕ್ಕ, ನಿನ್ನ ಬಾಗಿಲ ಮೆಟ್ಟಿಲು ಎಷ್ಟೆತ್ತರ? ಅದನ್ನ ಹತ್ತೋಕಾಗುತ್ತಲ್ಲ?"

"ದಿನಾ ಹತ್ತಲ್ವಾ? ತಾಳು... ಗೇಣಿಗೆ ಎರಡು ಬೆರಳು ಕಮ್ಮಿ."

"ನಿನ್ನ ಗೇಣೋ, ನನ್ನದೋ?"

"ನಂದೇ ಕಣೇ. ಹತ್ತೋಳು ನಾನಲ್ವಾ?"

ಅವಳ ಗೇಣು ನನ್ನದಕ್ಕಿಂತ ಒಂದು ಬೆರಳು ಗಿಡ್ಡ. ಚಿಕ್ಕವರಿದ್ದಾಗ ಅಂಗೈಗೆ ಅಂಗೈ ಜೋಡಿಸಿ ಜಗಳವಾಡಿದ್ದೇವೆ.

ಫೆಬ್ರವರಿ 26, ಬುಧವಾರ

ಮೆಕ್ಯಾನಿಕ್‌ಗೆ ನೆಲದ ಮೇಲೆ ಅಕ್ಕನ ಗೇಣಿನ ಲೆಕ್ಕವನ್ನು ಕೈಯಿಂದಲೇ ತೋರಿಸಿದೆ. ಮೂರು ಮೆಟ್ಟಿಲು, ಪ್ರತಿಯೊಂದೂ ಇಷ್ಟೇ ಎತ್ತರ. ಕಲ್ಲಿಗೆ ತಗಲದಂತೆ ಮಡಚಿ ಮೇಲಕ್ಕೆ ಕಟ್ಟುವಂತಿರಬೇಕು. ಹಿಡಿದುಕೊಳ್ಳಲು ಒಂದು ಕಂಬಿ.

"ಟೇಪು ಎಲ್ಲಿ ಮೇಡಂ ಇವತ್ತು?"

"ಇದು ಟೇಪಿನ ಲೆಕ್ಕ ಅಲ್ಲ."

"ಅವತ್ತು ಕೇಳಿದ್ನಲ್ಲ, ಎಷ್ಟು ಜನ ಅಂತ. ಇಬ್ರು ಅಂದಿದ್ರೆ ಅವತ್ತೇ ಮಾಡ್ಕೊಡ್ತಿದ್ದೆ."

ಅವನು ಮತ್ತೆ ಜೀಪಿನಡಿ ಹೋದ.

ಮಾರ್ಚ್ 2, ಭಾನುವಾರ, ಬೆಳಿಗ್ಗೆ 10.20

ಅಕ್ಕನ ಅಂಗಳ. ಸ್ಟಿಯರಿಂಗ್ ಮೇಲಿಟ್ಟು ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು.

ಮೆಟ್ಟಿಲು ಇಳಿಸಿದ್ದೇನೆ. ಅಡಿಯಲ್ಲಿ ಹಲಗೆ ಹಾಕಿದ್ದೇನೆ. ಕಂಬಿ ಜಗ್ಗಿ ನೋಡಿದ್ದೇನೆ, ಮೂರು ಸಲ. ಅಕ್ಕ ಬಾಗಿಲಿಗೆ ಬೀಗ ಹಾಕಿದಳು. ಮತ್ತೆ ತೆಗೆದು ಒಳಗೆ ಹೋದಳು. ಸ್ಟೌ ನೋಡಿ ಬರುತ್ತಾಳಂತೆ. ಹೊರಡಲು ಮನಸ್ಸಿಲ್ಲದವರೂ ಸ್ಟೌ ನೋಡುತ್ತಾರೆ, ಹೊರಟೇಬಿಟ್ಟವರೂ ನೋಡುತ್ತಾರೆ. ಕರೆಯಬಾರದು. ಆತುರಪಡಿಸಬಾರದು.

ಬಂದಳು. ಮತ್ತೆ ಬೀಗ. ಎರಡು ಸಲ ಎಳೆದು ನೋಡಿದಳು — ನನ್ನ ಅಕ್ಕನೇ ಸರಿ. ಈ ಕಡೆ ಬಂದು ಕೆಳಗಿನ ಮೆಟ್ಟಿಲಿಗೆ ಗೇಣು ಹಾಕಿ ಅಳೆಯುತ್ತಿದ್ದಾಳೆ. ಒಂದು ಕಾಲು ಮೇಲೆ. ಕಂಬಿ ಹಿಡಿದಳು. ಎರಡನೇ ಕಾಲೂ —

"ಆಮೇಲೆ ಬರ್ಕೊಳ್ಳುವೆಯಂತೆ, ಮೊದ್ಲು ಕೈ ಕೊಡೇ" ಅಂತ