ರೇವಪ್ಪನವರು ಎತ್ತಿದ ಪಾಟಿ

ಬಳ್ಳಿಗಟ್ಟಿ ಪಟ್ಟಣ
ಇಸವಿ ೨೧೯೧, ಹದಿಮೂರನೇ ತಿಂಗಳ ನಾಲ್ಕನೇ ದಿನ

ನೂರ ಅರವತ್ತೈದು ವರ್ಷ ಹಿಂದೆ ಇದೇ ಊರಿನಲ್ಲಿ ಬಾಳುತ್ತಿರುವ ಅಪ್ಪ ಅಮ್ಮಂದಿರಿಗೆ, ನಾಲ್ಕನೇ ನಂಬರು ಶಾಲೆಯ ಟೀಚರು ಚೆನ್ನಾಂಬಿಕೆ ಹಡಪದಳ ನಮಸ್ಕಾರಗಳು. ಹದಿಮೂರನೇ ತಿಂಗಳು ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ಉಳಿದ ತಿಂಗಳುಗಳಿಂದ ಎರಡೆರಡು ದಿನ ಕಿತ್ತುಕೊಂಡು ನಾವು ನೆರಳುತಿಂಗಳು ಅಂತ ಒಂದನ್ನು ಮಾಡಿಕೊಂಡಿದ್ದೇವೆ. ಅದು ಬರುವ ಸುಡುಬೇಸಿಗೆಯಲ್ಲಿ ಹೊರಗೆ ಯಾರಿಗೂ ಕೆಲಸವಿಲ್ಲ, ಊರಿನ ಸಭೆಗಳೆಲ್ಲ ಆಗಲೇ ನಡೆಯುತ್ತವೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪಠ್ಯಪುಸ್ತಕಗಳಿಂದ ಕಲಿತವಳು. ಮಾತು ಎಲ್ಲಾದರೂ ಎಡವಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಅದರಲ್ಲೂ ಇವತ್ತು ನನಗೆ ಖುಷಿಯಲ್ಲಿ ನೆಲದ ಮೇಲೆ ಕಾಲೇ ನಿಲ್ಲುತ್ತಿಲ್ಲ. ಗೆದ್ದೆವು ಕಣ್ರೀ, ನಮ್ಮ ಶಾಲೆ ಉಳಿಯಿತು!

ಮೊದಲಿಂದ ಹೇಳುತ್ತೇನೆ. ನಮ್ಮಲ್ಲಿ ಕುಡಿಯುವ ನೀರು ಮೋಡಗಿರಣಿಯಿಂದ ಬರುತ್ತದೆ. ಗಾಳಿಯ ತೇವವನ್ನು ಹಿಂಡಿ ನೀರು ಮಾಡುವ ಕಾರ್ಖಾನೆ ಅದು. ಬೆಳಿಗ್ಗೆ ಐದಕ್ಕೆ ಅದರ ಸೀಟಿ ಕೂಗಿದ ಮೇಲೆಯೇ ಊರಿನ ಒಲೆಗಳು ಹೊತ್ತುವುದು, ಮಕ್ಕಳ ಮುಖ ತೊಳೆಯುವುದು. ಗಿರಣಿಯ ಧಣಿ ಸೂರ್ಯಕಾಂತ ಪಟ್ಟೇದ. ಪುರಸಭೆಗೆ ಅವರು ಒಂದು ದಿನವೂ ನಿಂತವರಲ್ಲ, ನಿಲ್ಲುವ ಅಗತ್ಯವಾದರೂ ಏನು? ಇಪ್ಪತ್ತೊಂದು ಸದಸ್ಯರಲ್ಲಿ ಹನ್ನೊಂದು ಮಂದಿ ಪ್ರತಿ ಗುರುವಾರ ಅವರ ಮನೆಯ ತಂಪುಕೋಣೆಯಲ್ಲಿ ಹೋಳಿಗೆ ಊಟ ಮಾಡಿ ಬರುತ್ತಾರೆ. ಬರುವಾಗ ಅವರ ಬಾಯಲ್ಲಿ ಎಲೆ ಅಡಿಕೆ, ಕಿಸೆಯಲ್ಲಿ ಪಟ್ಟೇದರ ಆಫೀಸಿನಲ್ಲಿ ಬರೆದ ಠರಾವು.

ಈ ಸಲದ ಠರಾವು ಬಹಳ ಚೆಂದವಾಗಿತ್ತು. ಪಟ್ಟೇದರು ಗುಡ್ಡದ ಮೇಲೆ ಗಾಜಿನ ಗೋಡೆಯ ಶಾಲೆಯೊಂದನ್ನು ಊರಿಗೆ ದಾನ ಕೊಡುತ್ತಾರಂತೆ, ಅಲ್ಲಿಗೆ ನೂರು ಮಕ್ಕಳನ್ನು ಅವರ ಸಮಿತಿಯೇ ಆರಿಸುತ್ತದಂತೆ. ಇಷ್ಟು ದೊಡ್ಡ ದಾನ ಬಂದ ಮೇಲೆ ಶಾಲಾ ತೆರಿಗೆ ಯಾಕೆ, ಅರ್ಧ ಇಳಿಸೋಣ ಎಂಬ ಸಾಲು ಕೊನೆಯಲ್ಲಿತ್ತು. ಆ ತೆರಿಗೆಯ ಬಹುಪಾಲು ಕಟ್ಟುವುದು ಗಿರಣಿಯೇ ಎಂದು ಎಲ್ಲೂ ಬರೆದಿರಲಿಲ್ಲ. ಊರಿನ ಏಳು ಶಾಲೆ ನಡೆಯುವುದೂ ಅದರಿಂದಲೇ. ಅರ್ಧ ಇಳಿದರೆ ಮೊದಲು ಬಾಗಿಲು ಮುಚ್ಚುವುದು ನಮ್ಮ ನಾಲ್ಕನೇ ನಂಬರು, ಇನ್ನೂರ ಹತ್ತು ಮಕ್ಕಳು. ಸೂರಿನ ತಗಡು ಹಾರಿಹೋಗಿ ಎರಡು ವರ್ಷವಾಯಿತು. ಬಿಸಿಲು ಸರಿದ ಹಾಗೆ ನಾನು ಮಕ್ಕಳನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಸುತ್ತಾ ಪಾಠ ಮಾಡುತ್ತಿದ್ದೇನೆ. ಅರ್ಜಿ ಕೊಟ್ಟೂ ಕೊಟ್ಟೂ ಸಾಕಾಗಿತ್ತು, ಯಾರೂ ಕಿವಿ ಮೇಲೆ ಹಾಕಿಕೊಂಡಿರಲಿಲ್ಲ.

ಸಭೆಯಲ್ಲಿ ಠರಾವು ಓದಿದವರು ಆ ಹನ್ನೊಂದು ಮಂದಿಯಲ್ಲಿ ಒಬ್ಬರಾದ ರೇವಪ್ಪನವರು. ಕೆಟ್ಟವರೇನಲ್ಲ, ಆದರೆ ಕೊಟ್ಟ ಕಾಗದವನ್ನು ತಿರುವಿ ನೋಡುವ ಅಭ್ಯಾಸ ಅವರಿಗಿಲ್ಲ. ನಮ್ಮ ಊರಲ್ಲಿ ಒಂದು ಹಳೆಯ ಕಟ್ಟಳೆಯಿದೆ. ಶಾಲೆಯ ಹಣಕ್ಕೆ ಕೈ ಹಾಕುವ ಠರಾವು ತಂದವರು, ಮತಕ್ಕೆ ಮೊದಲು, ತಮ್ಮ ಮನೆಯ ಮಗುವಿನ ಹೆಸರಲ್ಲಿ ಬುಟ್ಟಿಯಿಂದ ಒಂದು ಪಾಟಿ, ಅಂದರೆ ಮಕ್ಕಳು ಬರೆಯುವ ಸ್ಲೇಟು, ಎತ್ತಬೇಕು. ಪಾಟಿಯ ಹಿಂದೆ ಯಾವ ಶಾಲೆಯ ನಂಬರಿದೆಯೋ ಆ ಮಗು ಹತ್ತನೇ ತರಗತಿಯವರೆಗೆ ಅಲ್ಲೇ ಓದಬೇಕು. ಹದಿನೇಳು ವರ್ಷದಿಂದ ಅಂಥ ಠರಾವು ಬಂದಿರಲಿಲ್ಲ. ಪಟ್ಟೇದರ ವಕೀಲರಿಗೂ ಅದು ಮರೆತೇಹೋಗಿತ್ತು! ನನಗೆ ಮರೆತಿರಲಿಲ್ಲ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದೆ, ಎದ್ದು ಕಟ್ಟಳೆ ನೆನಪಿಸಿ ಅವರ ಮುಂದೆ ಹಿಡಿದೆ.

ರೇವಪ್ಪನವರು ನಕ್ಕರು, ಅದಕ್ಕೇನಂತೆ ಅಂದರು, ಕೈ ಹಾಕಿದರು. ಅವರ ಮೊಮ್ಮಗಳು ಮಧುಮತಿಗೆ ಆರು ವರ್ಷ. ಗಾಜಿನ ಶಾಲೆಯಲ್ಲಿ ಅವಳಿಗೆ ಜಾಗ ಆಗಲೇ ನಿಗದಿಯಾಗಿತ್ತು ಎಂದು ಊರಿಗೆಲ್ಲ ಗೊತ್ತು. ಆದರೆ ಇನ್ನೂ ಕಟ್ಟದ ಶಾಲೆಗೆ ಬುಟ್ಟಿಯಲ್ಲಿ ಪಾಟಿಯಿಲ್ಲವಲ್ಲ. ಎತ್ತಿದ ಪಾಟಿ ತಿರುವಿದರು, ನಾಲ್ಕು! ಅಯ್ಯೋ, ಅವರ ಮುಖ ನೀವು ನೋಡಬೇಕಿತ್ತು. ಹಿಂದಿನ ಬೆಂಚಿನಿಂದ ಸೊಸೆ ಎದ್ದು ನಿಂತು, ಮಾವಾ, ಸೂರಿಲ್ಲದ ಶಾಲೇಲಿ ನನ್ನ ಮಗಳನ್ನ ಕೂರಿಸಿ, ಇರೋ ದುಡ್ಡನ್ನೂ ಕಿತ್ಕೊಳ್ತೀರಾ ಎಂದು ಕೂಗಿದಳು. ರೇವಪ್ಪನವರು ಬೆವರು ಒರೆಸಿಕೊಂಡರು, ಪಟ್ಟೇದರ ವಕೀಲರ ಕಡೆ ನೋಡಿದರು, ಸೊಸೆಯ ಕಡೆ ನೋಡಿದರು. ಮತ ಕೇಳಿದಾಗ ತಮ್ಮ ಠರಾವಿನ ವಿರುದ್ಧ ತಾವೇ ಕೈ ಎತ್ತಿದರು. ಹತ್ತಕ್ಕೆ ಹನ್ನೊಂದರಿಂದ ಠರಾವು ಬಿತ್ತು. ಆಮೇಲೆ ಕೂರುವುದಕ್ಕೂ ಮೊದಲು, ನಾಲ್ಕನೇ ನಂಬರಿಗೆ ಸೂರು ಯಾವಾಗ ಹಾಕ್ತೀರಿ ಎಂದು ಅಧ್ಯಕ್ಷರನ್ನು ಗದರಿಸಿದರು. ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯದು.

ಸಭೆ ಮುಗಿದ ಮೇಲೆ ದಾಖಲೆ ಕೋಣೆಗೆ ಹೋಗಿ, ಈ ಕಟ್ಟಳೆ ತಂದ ಪುಣ್ಯಾತ್ಮರು ಯಾರು ಎಂದು ಹುಡುಕಿದೆ. ಇಷ್ಟೇ ಸಿಕ್ಕಿತು: ದೊಡ್ಡವರ ಮುಲಾಜಿಗೆ ಸಭೆಯೆಲ್ಲ ತಲೆಯಾಡಿಸುತ್ತಿದ್ದಾಗ ಒಬ್ಬ ತಾಯಿ ಏಳು ಪಾಟಿ ಹೊತ್ತು ಒಳಗೆ ಬಂದಳು, ಎಲ್ಲರಿಗಿಂತ ಮೊದಲು ತನ್ನ ಮಗುವಿನ ಹೆಸರಲ್ಲಿ ಎತ್ತಿದಳು. ಅವಳ ಹೆಸರಿದ್ದ ಜಾಗವನ್ನು ಗೆದ್ದಲು ತಿಂದಿದೆ. ಇಸವಿ ಮಾತ್ರ ಉಳಿದಿದೆ, ಅದು ನಿಮ್ಮ ಇಸವಿ.

ಅಂದರೆ ಆಕೆ ನಿಮ್ಮಲ್ಲೇ ಇದ್ದಾಳೆ, ಇನ್ನೂ ಪಾಟಿ ಹೊತ್ತು ಸಭೆಗೆ ಹೊರಟಿಲ್ಲ. ಈ ಕಾಗದ ಓದುತ್ತಿರುವವಳೇ, ಅದು ನೀನೇ ಇರಬಹುದು ತಾಯೀ. ನಿನ್ನ ಮಗುವನ್ನು ಪಣಕ್ಕಿಡು ಎಂದು ಕೇಳಲು ನನಗೆ ಸಂಕಟವಾಗುತ್ತದೆ, ಆದರೂ ಕೇಳುತ್ತಿದ್ದೇನೆ. ಮುಂದಿನ ಸಭೆಗೆ ಹೋಗು. ನೀನು ಹೋಗದಿದ್ದರೆ ನಾವು ಇವತ್ತು ಗೆದ್ದೇ ಇಲ್ಲ.